ಮನೆವಾರ್ತೆ: ಗಾಡಿಯ ಪಾದರಕ್ಷೆ

ಎತ್ತಿನ ಬಂಡಿಯೊಂದೇ ವಾಹನವಾಗಿದ್ದ ದಿನಗಳಲ್ಲಿ ನಮ್ಮ ಸೀಮೆಯ ಒಕ್ಕಲಿಗನು ತನ್ನ ಬಂಡಿಯ ಗಾಲಿಯನ್ನು ಚೆನ್ನಾಗಿ ಬಲ್ಲವನಾಗಿದ್ದನು. ಬೇಸಗೆಯ ಬಿಸಿಲಿಗೆ ಗಾಲಿಯ ಮರವು ಒಣಗಿ ಕುಗ್ಗಿದರೆ ಕಬ್ಬಿಣದ ಹಳಿಯು ಸಡಿಲವಾಗುವುದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಾಲಿಯ ಸಪ್ಪಳವು ಬೇರೆಯಾದೊಡನೆಯೇ ಅವನು ಅದನ್ನು ಕಳಚಿ ನೀರಿನಲ್ಲಿ ನೆನೆಹಾಕುತ್ತಿದ್ದನು. ಈಗ ಹತ್ತು ಹನ್ನೆರಡು ಲಕ್ಷ ರೂಪಾಯಿ ಸುರಿದು ಮೋಟಾರು ಗಾಡಿಯನ್ನು ಕೊಳ್ಳುವ ಗೃಹಸ್ಥನು ಅದರ ಬಣ್ಣವನ್ನು ಬಲ್ಲನು, ಸೀಟಿನ ಮೆತ್ತೆಯನ್ನು ಬಲ್ಲನು, ಹಾಡು ಕೇಳಿಸುವ ಯಂತ್ರದ ಗುಂಡಿಗಳನ್ನೆಲ್ಲ ಬಲ್ಲನು. ಸೊಂಟ ಬಾಗಿಸಿ ಟೈರನ್ನು ನೋಡುವುದನ್ನು ಮಾತ್ರ ಮರೆತಿರುವನು.

ನಮ್ಮ ಗುಂಜಹಳ್ಳಿಯಂಥ ಹಳ್ಳಿಗಳಲ್ಲಿಯೂ ಈಗ ಎತ್ತರದ ಗಾಡಿಗಳು ಮನೆಗಳ ಮುಂದೆ ನಿಂತಿರುತ್ತವೆ. ಪಟ್ಟಣದವರು ಇವನ್ನು ಎಸ್‌ಯುವಿ ಎನ್ನುವರು. ಹಿರಿಯರ ಬಾಯಲ್ಲಿ ಇವೆಲ್ಲವೂ ಇಂದಿಗೂ ಜೀಪೇ. ರಾಯಚೂರಿನ ಆಸ್ಪತ್ರೆಗೆ, ಮಾನ್ವಿಯ ಬೀಗರ ಮನೆಗೆ, ದೇವದುರ್ಗದ ಕಡೆಯ ಜಾತ್ರೆಗೆ, ಮಂತ್ರಾಲಯದ ದರ್ಶನಕ್ಕೆ ಮುದುಕರು ಮಕ್ಕಳಾದಿಯಾಗಿ ಇಡೀ ಸಂಸಾರವು ಇವುಗಳಲ್ಲಿಯೇ ಹೊರಡುವುದು. ಆದುದರಿಂದ ಈ ತಿಂಗಳ ಮನೆವಾರ್ತೆಯಲ್ಲಿ ಇಂಥ ಗಾಡಿಯ ಟೈರುಗಳು ಹೇಗೆ ನಡೆಯುತ್ತವೆ, ಹೇಗೆ ಸವೆಯುತ್ತವೆ, ಯಾವಾಗ ಅವನ್ನು ಬಿಡಬೇಕು ಎಂಬುದನ್ನು ವಿಚಾರ ಮಾಡೋಣ. ಇದು ಮೆಕ್ಯಾನಿಕನ ವಿಷಯವಲ್ಲವೆ, ಮಾಸ್ತರಿಗೇಕೆ ಎಂದು ವಾಚಕರು ನಗಬಾರದು. ನಾವು ಹೇಳಹೊರಟಿರುವುದು ಓದುವ ವಿದ್ಯೆಯನ್ನೇ. ಟೈರೂ ಒಂದು ಪುಸ್ತಕ. ಅದರ ಮೇಲೆ ಅಚ್ಚಾದುದು ಕೆಲವು, ರಸ್ತೆಯು ದಿನದಿನವೂ ಬರೆಯುವುದು ಕೆಲವು.

ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಏಳು ಜನ ಕುಳಿತ ಇಂಥ ಗಾಡಿಯ ತೂಕವು ಸುಮಾರು ಎರಡು ಸಾವಿರ ಕಿಲೋ, ಅಂದರೆ ನಾಲ್ಕು ಸಾವಿರದ ನಾನೂರು ಪೌಂಡು. ಇದನ್ನು ಹೊರುವುದು ರಬ್ಬರಲ್ಲ, ಅದರೊಳಗಿನ ಹವಾ. ಚದರ ಅಂಗುಲಕ್ಕೆ ೩೨ ಪೌಂಡಿನಂತೆ ಹವಾ ತುಂಬಿದ್ದರೆ, ಆ ತೂಕವನ್ನು ಹೊರಲು ನೆಲಕ್ಕೆ ತಾಕಬೇಕಾದ ಜಾಗವು ಹೆಚ್ಚು ಕಡಿಮೆ ೧೩೮ ಚದರ ಅಂಗುಲ. ಒಂದೊಂದು ಟೈರಿನ ಪಾಲಿಗೆ ಆರು ಅಂಗುಲದ ಚೌಕವೂ ಪೂರ್ತಿ ಬರುವುದಿಲ್ಲ. ನಾಲ್ಕನ್ನೂ ಕೂಡಿಸಿದರೆ ಒಂದು ಅಡಿಯ ಚೌಕ. ಊಟಕ್ಕೆ ಕೂರುವ ಮಣೆಯಷ್ಟು ಎನ್ನಿ. ಗಂಟೆಗೆ ಎಂಭತ್ತು ಕಿಲೋಮೀಟರ್ ವೇಗದಲ್ಲಿ ಓಡುವಾಗ ಇಡೀ ಸಂಸಾರವು ನೆಲದೊಡನೆ ಇಟ್ಟುಕೊಂಡಿರುವ ಸಂಬಂಧವೆಲ್ಲ ಆ ಒಂದು ಮಣೆಯಷ್ಟೇ! ಬ್ರೇಕು ಹಿಡಿಯುವುದೂ ತಿರುವಿನಲ್ಲಿ ಜಾರದಿರುವುದೂ ಆ ಮಣೆಯ ಗುಣದಿಂದಲೇ. ಗಾಡಿಯ ಉಳಿದ ಭಾಗವೆಲ್ಲ ಎಷ್ಟು ಬೆಲೆಯದಾದರೇನು?

ಈ ಹವಾ ತುಂಬಿದ ಟೈರು ಬಹಳ ಹಳೆಯದೇನೂ ಅಲ್ಲ. ರಬ್ಬರನ್ನು ಗಂಧಕದೊಡನೆ ಬೇಯಿಸಿ ಗಟ್ಟಿಮಾಡುವ ಕ್ರಮವನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ೧೮೩೯ರಲ್ಲಿ ಕಂಡುಕೊಂಡನು. ಹವಾ ತುಂಬಿದ ಚಕ್ರಕ್ಕೆ ೧೮೪೫ರಲ್ಲಿ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬುವನು ಹಕ್ಕುಪತ್ರವನ್ನು ಪಡೆದಿದ್ದರೂ ಅದು ಬಳಕೆಗೆ ಬರಲಿಲ್ಲ. ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರುಗಾಲಿಯ ಸೈಕಲ್ಲಿಗಾಗಿ ಅದನ್ನು ಮತ್ತೊಮ್ಮೆ ನಿರ್ಮಿಸಿದ ಮೇಲೆ ಲೋಕವೇ ಅದನ್ನು ಹಿಡಿಯಿತು. ಈಗಿನ ಗಾಡಿಗಳಲ್ಲಿರುವ ರೇಡಿಯಲ್ ಟೈರು ಫ್ರಾನ್ಸಿನ ಮಿಶೆಲಿನ್ ಕಾರ್ಖಾನೆಯಿಂದ ೧೯೪೦ರ ದಶಕದ ಕೊನೆಯಲ್ಲಿ ಹೊರಬಂದುದು. ಇದರಲ್ಲಿ ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯ್ದಿರುತ್ತವೆ. ಮೇಲ್ಮೈಯ ಕೆಳಗೆ ಉಕ್ಕಿನ ತಂತಿಯ ಪಟ್ಟಿ ಇರುವುದರಿಂದ ರೇಡಿಯಲ್ ಟೈರು ಕಡಿಮೆ ಕಾಯುತ್ತದೆ, ಹೆಚ್ಚು ದಿನ ಬಾಳುತ್ತದೆ.

ಇನ್ನು ಅಚ್ಚಾದ ಅಕ್ಷರಗಳನ್ನು ಓದೋಣ. ನಮ್ಮ ಮನೆಯ ಬೊಲೆರೊ ಗಾಡಿಯ ಟೈರಿನ ಪಕ್ಕದಲ್ಲಿ ೨೧೫/೭೫ ಆರ್ ೧೫ ಎಂದಿದೆ. ೨೧೫ ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ೭೫ ಎಂದರೆ ಪಕ್ಕದ ಗೋಡೆಯ ಎತ್ತರವು ಆ ಅಗಲದ ನೂರಕ್ಕೆ ಎಪ್ಪತ್ತೈದು ಪಾಲು, ಅಂದರೆ ೧೬೧ ಮಿಲಿಮೀಟರು. ಆರ್ ಎಂಬುದು ರೇಡಿಯಲ್. ೧೫ ಎಂಬುದು ಒಳಗಿನ ಉಕ್ಕಿನ ಚಕ್ರದ ವ್ಯಾಸ, ಅಂಗುಲಗಳಲ್ಲಿ. ಇವನ್ನು ಕೂಡಿಸಿ ನೋಡಿದರೆ ಟೈರಿನ ಪೂರ್ಣ ವ್ಯಾಸವು ೭೦೩ ಮಿಲಿಮೀಟರಿನಷ್ಟು, ಸುತ್ತಳತೆಯು ೨ ಮೀಟರು ೨೧ ಸೆಂಟಿಮೀಟರು. ಕಿಲೋಮೀಟರೊಂದಕ್ಕೆ ಅದು ೪೫೨ ಸುತ್ತು ಸುತ್ತಬೇಕು. ಇದರ ಬಳಿಯಲ್ಲಿಯೇ ನಾಲ್ಕು ಅಂಕಿಗಳ ಇನ್ನೊಂದು ಬರಹವಿರುತ್ತದೆ. ಅದು ೨೩೧೯ ಎಂದಿದ್ದರೆ ಆ ಟೈರು ೨೦೧೯ನೆಯ ಇಸವಿಯ ಇಪ್ಪತ್ತಮೂರನೆಯ ವಾರದಲ್ಲಿ ಹುಟ್ಟಿತೆಂದು ಅರ್ಥ. ಹುಟ್ಟಿದ ದಿನವನ್ನು ಎದೆಯ ಮೇಲೆಯೇ ಬರೆದುಕೊಂಡು ಬರುವ ಪದಾರ್ಥವು ಅಂಗಡಿಯಲ್ಲಿ ಬೇರೆ ಎಷ್ಟಿದ್ದೀತು? ಆದರೂ ಕೊಳ್ಳುವಾಗ ಅದನ್ನು ನೋಡುವವರು ವಿರಳ. ಐಎಸ್‌ಐ ಗುರುತಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳತಕ್ಕದ್ದು.

ಈಗ ರಸ್ತೆಯು ಬರೆಯುವ ಬರಹಕ್ಕೆ ಬರೋಣ. ೨೦೨೧ರ ಜೂನ್ ತಿಂಗಳಿನಲ್ಲಿ ನಮ್ಮ ಗಾಡಿಗೆ ನಾಲ್ಕು ಹೊಸ ಟೈರುಗಳನ್ನು ಹಾಕಿಸಿದೆವು. ಯಾವ ಕಂಪನಿಯದೆಂದು ಹೇಳಿದರೆ ಜಾಹೀರಾತಾದೀತು. ನಾಲ್ಕಕ್ಕೂ ಕೂಡಿ ೨೬,೦೦೦ ರೂಪಾಯಿಯಾಯಿತೆಂದು ಹೇಳಿದರೆ ಸಾಕು. ಅಂದಿನಿಂದ ಗಾಡಿಯು ಓಡಿದ ಪ್ರತಿ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಟೈರಿನ ಗೆರೆಗಳ ಆಳವನ್ನು ಅಳೆದು ನೋಟುಬುಕ್ಕಿನಲ್ಲಿ ಬರೆದಿಡುತ್ತ ಬಂದೆವು. ಇದಕ್ಕೆ ದೊಡ್ಡ ಉಪಕರಣವೇನೂ ಬೇಡ. ಬೆಂಕಿಕಡ್ಡಿಯೊಂದನ್ನು ಗೆರೆಯಲ್ಲಿ ಇಳಿಸಿ, ಅಂಚಿನಲ್ಲಿ ಉಗುರಿನಿಂದ ಗುರುತು ಮಾಡಿ, ಮಕ್ಕಳ ಅಳತೆಪಟ್ಟಿಯ ಮೇಲಿಟ್ಟರೆ ತೀರಿತು. ಹೊಸದರಲ್ಲಿ ೮ ಮಿಲಿಮೀಟರಿದ್ದ ಆಳವು ಹತ್ತು ಸಾವಿರಕ್ಕೆ ಸುಮಾರು ೭ಕ್ಕೆ ಇಳಿಯಿತು. ಮೂವತ್ತು ಸಾವಿರಕ್ಕೆ ೪.೭, ನಲವತ್ತಾರು ಸಾವಿರಕ್ಕೆ ೩. ಅಂದರೆ ಹೆಚ್ಚು ಕಡಿಮೆ ೯,೨೦೦ ಕಿಲೋಮೀಟರಿಗೆ ಒಂದು ಮಿಲಿಮೀಟರು.

ನಲವತ್ತಾರು ಸಾವಿರ ಕಿಲೋಮೀಟರಿನಲ್ಲಿ ಟೈರು ಎರಡು ಕೋಟಿಗೂ ಮೇಲ್ಪಟ್ಟು ಸುತ್ತಿರುತ್ತದೆ. ಸವೆದುದು ಐದು ಮಿಲಿಮೀಟರು. ಒಂದು ಸುತ್ತಿಗೆ ಸವೆದುದೆಷ್ಟು? ಮಿಲಿಮೀಟರೊಂದನ್ನು ನಲವತ್ತು ಲಕ್ಷ ಪಾಲು ಮಾಡಿದರೆ ಬರುವ ಒಂದು ಪಾಲಿನಷ್ಟು. ಈಗಿನ ವಿಜ್ಞಾನಿಗಳ ಅಳತೆಯಲ್ಲಿ ಇದು ಒಂದೆರಡು ಪರಮಾಣುಗಳ ದಪ್ಪ. ನಮ್ಮ ವೈಶೇಷಿಕರು ಎರಡು ಪರಮಾಣುಗಳು ಕೂಡಿದುದನ್ನು ದ್ವ್ಯಣುಕವೆಂದು ಕರೆದರು. ಸರಾಸರಿಯ ಲೆಕ್ಕದಲ್ಲಿ, ಗಾಲಿಯು ಒಂದು ಸುತ್ತು ಸುತ್ತಿದಾಗ ರಸ್ತೆಯು ನಮ್ಮಿಂದ ವಸೂಲು ಮಾಡುವ ಸುಂಕವು ಒಂದು ದ್ವ್ಯಣುಕ! ಇಷ್ಟು ಸೂಕ್ಷ್ಮವಾಗಿ ನಡೆಯುವುದರಿಂದಲೇ ಸವೆತವು ಕಣ್ಣಿಗೆ ಬೀಳುವುದಿಲ್ಲ. ನಿತ್ಯವೂ ನೋಡುವವನಿಗೆ ಮಗನು ಬೆಳೆದುದು ತಿಳಿಯದಂತೆ, ಟೈರು ಬೋಳಾದುದೂ ತಿಳಿಯದು. ಅಳತೆಪಟ್ಟಿಯು ಬೇಕಾದುದು ಇದಕ್ಕಾಗಿಯೇ.

ಆಳದಷ್ಟೇ ಮುಖ್ಯವಾದುದು ಸವೆತದ ಆಕಾರ. ಇದರಲ್ಲಿ ಗೃಹಸ್ಥನು ಕಲಿಯಬೇಕಾದ ಅಕ್ಷರಗಳು ನಾಲ್ಕೇ. ನಡುಭಾಗ ಮಾತ್ರ ಸವೆದಿದ್ದರೆ ಹವಾ ಹೆಚ್ಚಾಗಿ ಟೈರು ಉಬ್ಬಿದೆ ಎಂದರ್ಥ. ಎರಡೂ ಅಂಚುಗಳು ಸವೆದು ನಡುವು ಉಳಿದಿದ್ದರೆ ಹವಾ ಕಡಿಮೆಯಾಗಿದೆ. ಒಂದೇ ಅಂಚು ಸವೆದಿದ್ದರೆ ಚಕ್ರವು ನೇರವಾಗಿ ನಿಂತಿಲ್ಲ, ಅಲೈನ್‌ಮೆಂಟ್ ಮಾಡಿಸಬೇಕು. ಅಲ್ಲಲ್ಲಿ ತಗ್ಗುದಿಣ್ಣೆಯಾಗಿ ಸವೆದಿದ್ದರೆ ಚಕ್ರದ ಸಮತೂಕವೋ ಶಾಕ್ ಅಬ್ಸಾರ್ಬರೋ ಕೆಟ್ಟಿದೆ. ಹದಿನೆಂಟು ಸಾವಿರದ ಹೊತ್ತಿಗೆ ನಮ್ಮ ಗಾಡಿಯ ಮುಂದಿನ ಎಡ ಟೈರಿನ ಹೊರ ಅಂಚು ಒಳ ಅಂಚಿಗಿಂತ ಒಂದು ಮಿಲಿಮೀಟರು ಹೆಚ್ಚು ಸವೆದಿತ್ತು. ಕಾಲುವೆಯ ದಂಡೆಯ ರಸ್ತೆಯಲ್ಲಿ ಗಾಲಿಯು ಗುಂಡಿಗೆ ಬಿದ್ದುದರ ಫಲವದು. ಅಲೈನ್‌ಮೆಂಟ್ ಮಾಡಿಸಿ, ಮುಂದಿನವನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಬದಲಾಯಿಸಿದ ಮೇಲೆ ಅಂಥ ಸವೆತವು ಮತ್ತೆ ಕಾಣಲಿಲ್ಲ. ಕೆಲವೇ ನೂರು ರೂಪಾಯಿಯ ಆ ಕೆಲಸವನ್ನು ಮುಂದೂಡಿದ್ದರೆ ಆರೂವರೆ ಸಾವಿರದ ಟೈರೊಂದು ಅರ್ಧಾಯುಷ್ಯದಲ್ಲಿಯೇ ತೀರುತ್ತಿತ್ತು. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹೀಗೆ ಸ್ಥಾನಪಲ್ಲಟ ಮಾಡಿಸುವುದು ಎಲ್ಲರಿಗೂ ಹಿತ.

ನಮ್ಮ ಸೀಮೆಯಲ್ಲಿ ಟೈರಿನ ದೊಡ್ಡ ಶತ್ರುವು ಬಿಸಿಲು ಎಂದು ಎಲ್ಲರೂ ಹೇಳುವರು. ರಾಯಚೂರಿನ ಬೇಸಗೆಯಲ್ಲಿ ನೆರಳಿನಲ್ಲಿಯೇ ೪೦ ಡಿಗ್ರಿ ದಾಟುವುದು ವಿಶೇಷವಲ್ಲ; ಡಾಂಬರು ಅದಕ್ಕಿಂತ ಬಹಳ ಹೆಚ್ಚಾಗಿ ಕಾಯುತ್ತದೆ. ಆದರೆ ಬಿಸಿಲೊಂದೇ ಟೈರನ್ನು ಕೊಲ್ಲುವುದು ಅಪರೂಪ. ಅದರೊಡನೆ ಹವಾ ಕಡಿಮೆಯಾಗಿರಬೇಕು, ಹೊರೆ ಹೆಚ್ಚಾಗಿರಬೇಕು, ವೇಗವೂ ಕೂಡಬೇಕು. ಹವಾ ಕಡಿಮೆಯಿದ್ದರೆ ಟೈರಿನ ಪಕ್ಕದ ಗೋಡೆಯು ಸುತ್ತುಸುತ್ತಿಗೂ ಮಡಿಚಿ ಬಿಚ್ಚುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿದರೆ ಕೈಗೆ ಬಿಸಿ ತಾಕುವುದಲ್ಲವೆ? ಹಾಗೆಯೇ ಅದೂ ಒಳಗೊಳಗೆ ಕಾದು, ರಬ್ಬರಿಗೂ ದಾರಕ್ಕೂ ಇರುವ ಬೆಸುಗೆಯು ಬಿಡುತ್ತದೆ. ಆಮೇಲೆ ಸ್ಫೋಟವೇ.

ಇಲ್ಲಿ ಒಂದು ಅಪಾಯಕರವಾದ ರೂಢಿಯನ್ನು ಹೇಳಬೇಕು. ಹತ್ತಾರು ಮೈಲಿ ಓಡಿ ಬಂದ ಬಿಸಿ ಟೈರಿನ ಹವಾ ಅಳೆದು, ಹೆಚ್ಚಾಗಿದೆ ಎಂದು ಬಿಟ್ಟುಬಿಡುವವರುಂಟು. ಸುಮಾರು ಐದೂವರೆ ಡಿಗ್ರಿ ಕಾವು ಏರಿದರೆ ಹವಾದ ಒತ್ತಡವು ಒಂದು ಪೌಂಡು ಏರುವುದು ಸಹಜ. ಮೂವತ್ತು ಡಿಗ್ರಿ ಏರಿದರೆ ಐದು ಪೌಂಡು ಏರುತ್ತದೆ. ಅದನ್ನು ಬಿಟ್ಟರೆ, ರಾತ್ರಿ ತಣ್ಣಗಾದಾಗ ಟೈರು ಐದು ಪೌಂಡು ಬಡವಾಗಿರುತ್ತದೆ. ಮರುದಿನ ಮತ್ತಷ್ಟು ಕಾಯುತ್ತದೆ. ಆದುದರಿಂದ ಹವಾ ನೋಡಬೇಕಾದುದು ಬೆಳಿಗ್ಗೆ, ಗಾಡಿಯು ಹೊರಡುವ ಮುನ್ನ. ಎಷ್ಟಿರಬೇಕೆಂಬುದು ಗಾಡಿಯ ಬಾಗಿಲಿನ ಚೌಕಟ್ಟಿನಲ್ಲೋ ಗಾಡಿಯೊಡನೆ ಬಂದ ಪುಸ್ತಕದಲ್ಲೋ ಬರೆದಿರುತ್ತದೆ. ಪೂರ್ಣ ಹೊರೆಯಿದ್ದಾಗ ಎಷ್ಟೆಂಬುದೂ ಅಲ್ಲಿಯೇ ಇರುವುದುಂಟು. ಟೈರಿನ ಮೇಲೆ ಅಚ್ಚಾದ ಅಂಕಿಯು ಗರಿಷ್ಠ ಮಿತಿಯೇ ಹೊರತು ತುಂಬಬೇಕಾದ ಅಳತೆಯಲ್ಲ. ಬಳ್ಳಾರಿ ಜಾಲಿಯ ಮುಳ್ಳು ನಮ್ಮ ದಾರಿಗಳಲ್ಲೆಲ್ಲ ಇರುವುದರಿಂದ ಇನ್ನೊಂದು ಮಾತು. ಟ್ಯೂಬಿಲ್ಲದ ಟೈರಿಗೆ ಮುಳ್ಳು ನೆಟ್ಟರೆ ಹವಾ ಒಮ್ಮೆಗೇ ಹೋಗದು, ದಿನಕ್ಕೆ ಒಂದೆರಡು ಪೌಂಡಿನಂತೆ ಸೋರುತ್ತದೆ. ಕಣ್ಣಿಗೆ ಕಾಣದ ಆ ಸೋರಿಕೆಯನ್ನು ಅಳತೆಯು ತೋರಿಸಿಕೊಡುವುದು.

ಸವೆತದ ಮಾತಾಯಿತು. ಆದರೆ ಸವೆಯದೆಯೂ ಟೈರು ಸಾಯುತ್ತದೆ ಎಂಬುದನ್ನು ನಮ್ಮ ಜನ ನಂಬುವುದಿಲ್ಲ. ಒಂದು ವೈಶಾಖದಲ್ಲಿ ನಮ್ಮ ಊರಿನ ಒಂದು ಮನೆಯವರು ಮದುವೆಗೆಂದು ಮಾನ್ವಿಯ ಕಡೆಗೆ ಹೊರಟಿದ್ದರು. ಗಾಡಿಯು ಮನೆಯಲ್ಲಿ ನಿಂತುದೇ ಹೆಚ್ಚು. ಟೈರುಗಳಿಗೆ ಎಂಟು ವರ್ಷ. ಹಿಂದಿನ ದಿನ ನಾವು ಆ ನಾಲ್ಕು ಅಂಕಿಗಳನ್ನು ಓದಿ ತೋರಿಸಿದಾಗ ಗಾಡಿ ನಡೆಸುವ ಹುಡುಗನು, “ಮಾಸ್ತರ್ರೀ, ಬಟನ್ ಇನ್ನಾ ಛಲೋ ಐತ್ರೀ, ಹ್ಯಾಂಗ ಒಗೀಬೇಕು?” ಎಂದನು. ಗೆರೆಗಳ ಆಳವು ಐದು ಮಿಲಿಮೀಟರಿದ್ದುದೇನೋ ನಿಜ. ಆದರೆ ಪಕ್ಕದ ಗೋಡೆಯಲ್ಲಿ ಬಿರುಕುಗಳು ಬೇಸಗೆಯ ಎರೆಹೊಲದಂತೆ ಬಾಯ್ಬಿಟ್ಟಿದ್ದವು. ಮಧ್ಯಾಹ್ನದ ಬಿಸಿಲಿನಲ್ಲಿ, ಒಂಬತ್ತು ಜನರ ಹೊರೆಯಲ್ಲಿ, ಹಿಂದಿನ ಎಡ ಟೈರು ಒಡೆಯಿತು. ಹುಡುಗನು ಬ್ರೇಕನ್ನು ಒತ್ತದೆ, ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, ಗಾಡಿಯು ತಾನಾಗಿ ನಿಧಾನವಾಗುವಂತೆ ಬಿಟ್ಟು ಪಕ್ಕಕ್ಕೆ ನಿಲ್ಲಿಸಿದನು. ಅಂಥ ಸಮಯದಲ್ಲಿ ಮಾಡತಕ್ಕುದು ಅದೇ. ಒಂಬತ್ತು ಜೀವಗಳು ಉಳಿದವು. ಆದರೆ ಎತ್ತರದ ಗಾಡಿಯು ಉರುಳುವುದು ಸುಲಭ. ಎದುರಿನಿಂದ ಭತ್ತದ ಲಾರಿಯೊಂದು ಬರುತ್ತಿದ್ದರೆ ಈ ಕಥೆಯನ್ನು ಬೇರೆ ವಿಧವಾಗಿ ಬರೆಯಬೇಕಾಗುತ್ತಿತ್ತು.

ಗಾಳಿಯಲ್ಲಿರುವ ಆಮ್ಲಜನಕ, ಓಜೋನ್, ಬಿಸಿಲು ಇವು ಮೂರೂ ನಿಂತಲ್ಲಿಯೇ ರಬ್ಬರನ್ನು ಗಡುಸುಮಾಡುತ್ತವೆ. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕೆಂದೂ, ಗೆರೆಯಿದ್ದರೂ ಹತ್ತು ವರ್ಷದ ಮೇಲೆ ಇಡಬಾರದೆಂದೂ ಅನೇಕ ಕಾರ್ಖಾನೆಗಳೇ ಹೇಳುತ್ತವೆ. ನಮ್ಮ ಬಿಸಿಲಿನಲ್ಲಿ ಹತ್ತರವರೆಗೆ ಕಾಯುವುದು ಜಾಣತನವಲ್ಲ. ಸ್ಟೆಪ್ನಿಗೂ ಈ ಮಾತು ಸಲ್ಲುವುದು. ಸ್ಟೆಪ್ನಿ ಎಂಬ ಹೆಸರು ವೇಲ್ಸ್ ದೇಶದ ಲನೆಲಿ ಎಂಬ ಊರಿನ ಒಂದು ಬೀದಿಯದು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅಲ್ಲಿ ತಯಾರಾದ ಬದಲಿ ಚಕ್ರವು ಬೀದಿಯ ಹೆಸರನ್ನು ಹೊತ್ತು ನಮ್ಮ ಹಳ್ಳಿಯವರೆಗೆ ಬಂದಿತು. ಹೆಸರು ಬಂದಿತು, ಹವಾ ಮಾತ್ರ ಬರಲಿಲ್ಲ! ವರ್ಷಗಟ್ಟಲೆ ಮುಟ್ಟದ ಸ್ಟೆಪ್ನಿಯು ಬೇಕಾದ ದಿನ ಚಪ್ಪಟೆಯಾಗಿ ಹೊರಬರುವುದನ್ನು ಎಷ್ಟು ಮನೆಯವರು ಕಂಡಿಲ್ಲ?

ಯಾವ ಜಾತಿಯ ಟೈರು ಒಳ್ಳೆಯದೆಂದು ಕೇಳುವವರಿಗೆ ನಮ್ಮ ಉತ್ತರವಿಷ್ಟು. ಹೆದ್ದಾರಿಯ ಟೈರು, ಎಲ್ಲ ನೆಲಕ್ಕೂ ಸಲ್ಲುವ ಆಲ್ ಟೆರೇನ್ ಟೈರು, ಕೆಸರಿನ ಟೈರು ಎಂದು ಇವು ಮೂರು ವಿಧ. ದೊಡ್ಡ ದೊಡ್ಡ ಹಲ್ಲುಗಳಿರುವ ಕೆಸರಿನ ಟೈರು ನೋಡಲು ಶೂರನಂತಿದ್ದರೂ ಡಾಂಬರಿನ ಮೇಲೆ ಗದ್ದಲಮಾಡುವುದು, ಬೇಗ ಸವೆಯುವುದು, ಎಣ್ಣೆಯನ್ನೂ ಹೆಚ್ಚು ಕುಡಿಯುವುದು. ನಮ್ಮದು ಎರೆಯ ನೆಲ, ಆದುದರಿಂದ ಅದೇ ಬೇಕೆಂದು ತರುಣರು ವಾದಿಸುವರು. ವರ್ಷದಲ್ಲಿ ಎಷ್ಟು ದಿನ ಕೆಸರು, ಎಷ್ಟು ದಿನ ಡಾಂಬರು ಎಂದು ಎಣಿಸಿ ನೋಡಿದರೆ ವಾದವು ತೀರುವುದು. ಮೇಲಾಗಿ, ಚೆನ್ನಾಗಿ ನೆನೆದ ಎರೆಮಣ್ಣು ಯಾವ ಹಲ್ಲಿಗೂ ಅಂಜುವುದಿಲ್ಲ. ಗೆರೆಗಳನ್ನೆಲ್ಲ ತುಂಬಿ ಗಾಲಿಯನ್ನು ಮಣ್ಣಿನ ಉಂಡೆಯನ್ನಾಗಿ ಮಾಡುವುದು. ಅಂಥ ದಿನ ಒಳ್ಳೆಯ ಟೈರೆಂದರೆ ಮನೆಯಲ್ಲಿ ಕೂರುವ ತಾಳ್ಮೆಯೇ. ನಾವು ಹಾಕಿಸಿದ್ದುದು ಹೆದ್ದಾರಿಯ ಟೈರು. ಡಾಂಬರಿನಲ್ಲಿಯೂ ಮೊರಂ ದಾರಿಯಲ್ಲಿಯೂ ಅದು ಮೂವತ್ತು ಸಾವಿರದವರೆಗೆ ಒಂದೇ ಸಮನೆ ನಡೆಯಿತು. ಆಮೇಲೆ ಸದ್ದು ಸ್ವಲ್ಪ ಏರಿತು. ನಲವತ್ತರ ಮೇಲೆ ಮಳೆಯ ರಸ್ತೆಯಲ್ಲಿ ಬ್ರೇಕು ಹಿಡಿದಾಗ ಹಿಂದಿನ ಬಿಗಿಯಿಲ್ಲವೆಂಬುದು ತಿಳಿಯಹತ್ತಿತು.

ಕೊನೆಯದಾಗಿ, ಯಾವಾಗ ಬಿಡಬೇಕು? ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಇಂಥ ಗಾಡಿಯ ಟೈರಿನ ಗೆರೆಯು ೧.೬ ಮಿಲಿಮೀಟರಿಗಿಂತ ಕಡಿಮೆಯಾಗಿರಕೂಡದು. ಗೆರೆಗಳ ತಳದಲ್ಲಿ ಆ ಎತ್ತರಕ್ಕೆ ಸಣ್ಣ ದಿಂಡುಗಳನ್ನು ಇಟ್ಟಿರುತ್ತಾರೆ. ಮೇಲ್ಮೈಯು ಅವುಗಳಿಗೆ ಸಮವಾದರೆ ಟೈರಿನ ಆಯುಷ್ಯವು ತೀರಿತು. ಆದರೆ ಕಾನೂನಿನ ಮಿತಿಯೇ ವಿವೇಕದ ಮಿತಿಯಲ್ಲ. ಗೆರೆಗಳಿರುವುದು ಅಲಂಕಾರಕ್ಕಲ್ಲ, ಗಾಲಿಯಡಿಯ ನೀರನ್ನು ಹೊರಕ್ಕೆ ಹರಿಸುವುದಕ್ಕೆ, ಅವು ಕಾಲುವೆಗಳು. ಕಾಲುವೆಯು ಹೂಳಿದರೆ ಹೊಲಕ್ಕೆ ನೀರು ನುಗ್ಗುವಂತೆ, ಗೆರೆಯು ಸವೆದರೆ ಟೈರು ನೀರಿನ ಮೇಲೆ ತೇಲತೊಡಗುತ್ತದೆ. ಆಗ ಆ ಮಣೆಯಷ್ಟು ನೆಲವೂ ನಮ್ಮ ಕೈಬಿಟ್ಟಿತು. ಮಳೆಗಾಲಕ್ಕೆ ೩ ಮಿಲಿಮೀಟರಾದರೂ ಇರಲಿ ಎಂದು ಬಲ್ಲವರು ಹೇಳುವುದು ಇದಕ್ಕಾಗಿಯೇ.

೨೦೨೫ರ ಜೂನಿನಲ್ಲಿ ನಮ್ಮ ಟೈರುಗಳು ಸರಿಯಾಗಿ ಆ ಅಳತೆಗೆ ಬಂದವು, ಮುಂಗಾರು ಬಾಗಿಲಲ್ಲಿತ್ತು. ಇನ್ನೂ ಹನ್ನೆರಡು ಹದಿಮೂರು ಸಾವಿರ ಕಿಲೋಮೀಟರು ಓಡಿಸಬಹುದಲ್ಲ ಎಂದು ಮನೆಯಲ್ಲಿ ಚರ್ಚೆಯಾಯಿತು. ನೋಟುಬುಕ್ಕನ್ನು ತೆಗೆದು ಲೆಕ್ಕ ಹಾಕಿದೆವು. ಉಳಿದ ೧.೪ ಮಿಲಿಮೀಟರು ರಬ್ಬರಿನ ಬೆಲೆಯು, ನಾಲ್ಕು ಟೈರಿಗೂ ಕೂಡಿ, ಐದು ಸಾವಿರದ ಏಳುನೂರು ರೂಪಾಯಿ. ಒಂದು ಮಳೆಗಾಲವೆಲ್ಲ, ಮೊಮ್ಮಕ್ಕಳನ್ನು ಕೂರಿಸಿಕೊಂಡು, ಜಾರುವ ರಸ್ತೆಯಲ್ಲಿ ಪಣಕ್ಕಿಡಬೇಕಾದ ಮೊತ್ತವೇ ಅದು? ಕೂಡಲೇ ಹೊಸದನ್ನು ಹಾಕಿಸಿದೆವು. ಟೈರಿನ ಆಯುಷ್ಯವನ್ನು ಹವಾ ನೋಡಿ ಹೆಚ್ಚಿಸುವುದು ಮಿತವ್ಯಯ. ತೀರಿದ ಆಯುಷ್ಯವನ್ನು ಎಳೆಯುವುದು ಲೋಭ. ಬೋಳು ಟೈರಿನ ಮೇಲೆ ಮತ್ತೆ ಗೆರೆ ಕೊರೆಸುವುದಂತೂ ಲೋಭಕ್ಕಿಂತಲೂ ಕೀಳು. ಅದನ್ನು ಕಂಡು ಮೋಸಹೋಗುವವರು ನಮ್ಮ ಮನೆಯವರೇ.

ಹಳೆಯ ಟೈರುಗಳನ್ನು ಹಿತ್ತಲಲ್ಲಿ ಎಸೆದಿಡಬಾರದು. ಅವುಗಳಲ್ಲಿ ನಿಂತ ಮಳೆಯ ನೀರು ಡೆಂಗಿ ಜ್ವರವನ್ನು ಹರಡುವ ಸೊಳ್ಳೆಗೆ ತೊಟ್ಟಿಲು. ಸುಟ್ಟರೆ ವಿಷದ ಹೊಗೆ. ಗುಜರಿಯವನಿಗೆ ಕೊಟ್ಟುಬಿಡುವುದೇ ಮೇಲು.

ವಾಚಕರು ಇಷ್ಟನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಲಿ. ತಿಂಗಳಿಗೆರಡು ಸಲ, ಅಮಾವಾಸ್ಯೆ ಹುಣ್ಣಿಮೆಗಳ ಬೆಳಿಗ್ಗೆ, ಸ್ಟೆಪ್ನಿಯೂ ಸೇರಿ ಐದಕ್ಕೂ ಹವಾ. ದೂರದ ಪ್ರಯಾಣದ ಹಿಂದಿನ ದಿನ ಮತ್ತೊಮ್ಮೆ. ಮುಂಗಾರಿಗೆ ಮೊದಲು ಬೆಂಕಿಕಡ್ಡಿಯ ಅಳತೆ. ಯುಗಾದಿಯ ದಿನ, ಪಂಚಾಂಗ ಶ್ರವಣವಾದ ಮೇಲೆ, ಆ ನಾಲ್ಕು ಅಂಕಿಗಳನ್ನು ಓದಿ ಟೈರಿನ ವಯಸ್ಸಿನ ಲೆಕ್ಕ. ಈ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳಿಗೆ ವಹಿಸಿದರೆ ಇನ್ನೂ ಒಳ್ಳೆಯದು; ಅಂಕಗಣಿತವೂ ಬಂದೀತು, ಗಾಡಿಯೂ ಉಳಿದೀತು.